ಐದು ನಿಮಿಷದ ಸಂಕವ್ವ

ಈ ಊರಿನ ಹೆಸರನ್ನು ಎಲ್ಲಿಯೂ ಬರೆಯಕೂಡದೆಂದು ಅಲ್ಲಿಯವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹೆಸರು ಹೊರಬಿದ್ದರೆ ಸುತ್ತಲಿನ ಜನರೆಲ್ಲ ಮೆಣಸಿನಕಾಯಿ, ಸಂಡಿಗೆ, ಹಸಿ ಇಟ್ಟಿಗೆಗಳನ್ನು ಗಾಡಿಗಳಲ್ಲಿ ಹೇರಿಕೊಂಡು ಒಣಗಿಸಲು ಬಂದುಬಿಡುತ್ತಾರೆಂಬುದು ಅವರ ಆತಂಕ. ಕೊಟ್ಟ ಮಾತಿನಂತೆ ಹೆಸರನ್ನೂ ದಾರಿಯನ್ನೂ ಬಿಟ್ಟು ಉಳಿದುದನ್ನು ಕೇಳಿದಂತೆಯೇ ಬರೆಯುತ್ತಿದ್ದೇನೆ. ಕಥೆಯನ್ನು ನನಗೆ ಮುಖ್ಯವಾಗಿ ಹೇಳಿದವರು ಇಬ್ಬರು: ಸ್ವತಃ ಸಂಕವ್ವ ಮತ್ತು ಗಡಿಯಾರ ರಿಪೇರಿಯ ದಸ್ತಗೀರ ಸಾಹೇಬರು. ಇಬ್ಬರ ಹೇಳಿಕೆಗಳು ಬೇರೆಯಾದ ಕಡೆಯಲ್ಲೆಲ್ಲ ಮೂರನೆಯವರನ್ನು ಕೇಳಿ ತಾಳೆ ನೋಡಿದ್ದೇನೆ. ತಾಳೆಯಾಗದ ಒಂದೆರಡು ಸಂಗತಿಗಳನ್ನು ಹಾಗೆಯೇ ಉಳಿಸಿದ್ದೇನೆ.

ಊರ ನಡುವೆ, ಬಾವಿಯ ಪಕ್ಕದಲ್ಲಿ, ಕರಿಕಲ್ಲಿನ ಒಂದು ಕಟ್ಟೆಯಿದೆ. ಅದರ ಮೇಲೆ ಚದುರಂಗದ ಅರವತ್ತನಾಲ್ಕು ಮನೆಗಳನ್ನು ಕೊರೆಯಲಾಗಿದೆ. ಆ ಮನೆಗಳ ಮುಂದೆ ಕುಳಿತವರು ತಮ್ಮ ಮುಂದಿನ ನಡೆಯನ್ನು ಯೋಚಿಸುತ್ತಿರುವಷ್ಟು ಹೊತ್ತು ಸೂರ್ಯ ಇದ್ದಲ್ಲಿಯೇ ಇರುತ್ತಾನೆ. ಯೋಚನೆ ಮುಗಿದು ಕಾಯಿ ಎತ್ತಿಟ್ಟರೆ ಮುಂದಕ್ಕೆ ಸರಿಯುತ್ತಾನೆ. ಕಟ್ಟೆಯ ಬದಿಗೆ ಆಳೆತ್ತರದ ಒಂದು ಗೂಟ ನೆಟ್ಟಿದ್ದಾರೆ. ಅದರ ನೆರಳನ್ನು ನೋಡಿ ಸೂರ್ಯ ನಿಂತಿದ್ದಾನೆಯೋ ನಡೆಯುತ್ತಿದ್ದಾನೆಯೋ ತಿಳಿಯುತ್ತಾರೆ. ಯೋಚಿಸುವ ಸೋಗಿಗೆ ಸೂರ್ಯ ನಿಲ್ಲುವುದಿಲ್ಲ. ಆಟಗಾರ ಗಲ್ಲಕ್ಕೆ ಕೈಕೊಟ್ಟು ಕುಳಿತು ಮನೆಯ ಜಗಳವನ್ನೋ ರಾತ್ರಿಯ ಸಾರನ್ನೋ ನೆನೆಯುತ್ತಿದ್ದರೆ ಗೂಟದ ನೆರಳು ತನ್ನ ಪಾಡಿಗೆ ಹೊರಟುಬಿಡುತ್ತದೆ. ಆಗ ಸುತ್ತ ನಿಂತವರೆಲ್ಲ "ನೆರಳು ಹೊಂಟೈತಿ, ನೆರಳು ಹೊಂಟೈತಿ!" ಎಂದು ಕೂಗಿ ಅವನ ಮಾನ ಕಳೆಯುತ್ತಾರೆ.

ಬೇರೆ ಊರುಗಳಲ್ಲಿ ಜನ ಮಳೆಗಾಲಕ್ಕೆ ಹೊಂದಿಕೊಂಡಂತೆ ಇಲ್ಲಿಯವರು ಇದಕ್ಕೆ ಹೊಂದಿಕೊಂಡಿದ್ದಾರೆ. ದಿನಗಳನ್ನು ಅವರು ಊಟದಿಂದ ಅಳೆಯುತ್ತಾರೆ: ಎರಡೂಟದ ದಿನ, ಮೂರೂಟದ ದಿನ, ಐದೂಟದ ದಿನ. ಮೂರೂಟ ದಾಟಿದರೆ ಕಿಟಕಿಗಳಿಗೆ ಕಂಬಳಿ ಕಟ್ಟಿ ನಡುಹಗಲಿನಲ್ಲಿಯೇ ಒಂದು ನಿದ್ದೆ ತೆಗೆಯುತ್ತಾರೆ. ಎಮ್ಮೆಗಳು ಸೂರ್ಯನನ್ನು ನಂಬದೆ ತಮ್ಮ ಕೆಚ್ಚಲನ್ನೇ ನಂಬಿ ಮನೆಗೆ ಮರಳುತ್ತವೆ. ಶಾಲೆಯಲ್ಲಿ ಮಧ್ಯಾಹ್ನದ ಗಣಿತ ಒಮ್ಮೊಮ್ಮೆ ಎಷ್ಟು ಹೊತ್ತು ನಡೆಯುತ್ತದೆಯೆಂದರೆ ಮಕ್ಕಳು ಕಟ್ಟೆಗೆ ಓಡಿ ಬಂದು "ಅಜ್ಜಾ, ಏನರೆ ಒಂದು ಕಾಯಿ ಸರಸ್ರಿ" ಎಂದು ಗೋಗರೆಯುತ್ತಾರೆ. ಊರಿನ ಗಡಿಯಾರಗಳು ಮಾತ್ರ ಸೂರ್ಯನಿಗೆ ಕಾಯದೆ ಓಡುತ್ತವೆ. ಆದ್ದರಿಂದ ದಿನವೂ ಅವುಗಳ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಕು. ದಸ್ತಗೀರರು ವಯಸ್ಸಿನಲ್ಲಿದ್ದಾಗ ಇದೇ ಕೆಲಸಕ್ಕಾಗಿ ಬೆಳಗಿನಿಂದ ಸಂಜೆಯವರೆಗೆ ಬೀದಿ ಸುತ್ತುತ್ತಿದ್ದರಂತೆ.

ಊರಿನ ಕಸುಬು ನೂಲಿಗೆ ನೀಲಿ ಬಣ್ಣ ಹಾಕುವುದು. ನೂಲಿನ ಲಡಿಯನ್ನು ಬಣ್ಣದ ಬಾನಿಯಲ್ಲಿ ಅದ್ದಿ, ಎತ್ತಿ, ಮತ್ತೆ ಅದ್ದಿ, ಕೊನೆಗೆ ಬಿದಿರಿನ ಗಳಗಳ ಮೇಲೆ ಹರವುತ್ತಾರೆ. ಕೊನೆಯ ಬಾರಿ ಅದ್ದಿದ ಲಡಿ ಅದೇ ದಿನದ ಬಿಸಿಲಿನಲ್ಲಿ ಪೂರ್ತಿ ಒಣಗಬೇಕು, ಇಲ್ಲವಾದರೆ ನೀಲಿಯಲ್ಲಿ ಕಲೆ ಬೀಳುತ್ತದೆ. ಹೀಗಾಗಿ ಬಣ್ಣದ ಮನೆಗಳಿಗೆಲ್ಲ ನಿಧಾನವಾಗಿ ಯೋಚಿಸುವ ಆಟಗಾರನೇ ಬೇಕು.

ಅಂಥ ಆಟಗಾರ ಭರಮಣ್ಣಜ್ಜ. ಕಟ್ಟೆಯ ಮೇಲೆ ಎದುರುಬದುರಾಗಿ ಎರಡು ಆಸನಗಳಿವೆ: ಎತ್ತರದ್ದು ಮೇಲ್ಗಲ್ಲು, ತಗ್ಗಿನದು ಕೆಳಗಲ್ಲು. ಮೇಲ್ಗಲ್ಲಿನಲ್ಲಿ ಭರಮಣ್ಣಜ್ಜ ಹತ್ತೊಂಬತ್ತು ವರ್ಷಗಳಿಂದ ಕುಳಿತಿದ್ದರು. ಹೊಲಗಳನ್ನು ಮಕ್ಕಳಿಗೆ ಒಪ್ಪಿಸಿದ್ದ ಅವರಿಗೆ ಹೊತ್ತಿಗೆ ಕೊರತೆಯಿರಲಿಲ್ಲ. ಅವರ ಒಂದೇ ನಡೆಯ ಯೋಚನೆಯಲ್ಲಿ ಎರಡು ಸುತ್ತು ನೂಲು ಒಣಗಿದ ದಿನವೂ ಉಂಟು. ಇಡೀ ದಿನ ಬಿಡುವಿರುವ ಯಾರೇ ಆಗಲಿ ಕೆಳಗಲ್ಲಿನಲ್ಲಿ ಕುಳಿತು ಅವರೊಡನೆ ಆಡಬಹುದಿತ್ತು. ಆದರೆ "ಮೇಲ್ಗಲ್ಲು ಬೇಕು" ಎಂದು ಕೇಳಿ ಆಡುವುದು ಬೇರೆ. ಹಾಗೆ ಕೇಳಿ ಗೆದ್ದವರಿಗೆ ಮೇಲ್ಗಲ್ಲು ಸಲ್ಲುತ್ತದೆ, ಸೋತವರು ಮತ್ತೆ ಬದುಕಿರುವವರೆಗೆ ಚದುರಂಗದ ಕಾಯಿ ಮುಟ್ಟುವಂತಿಲ್ಲ. ಭರಮಣ್ಣಜ್ಜನಿಗೆ ಹಾಗೆ ಸೋತ ಒಬ್ಬ ಕಮ್ಮಾರ ಕಟ್ಟೆಯ ಮುಂದೆ ಹಾಯುವಾಗಲೆಲ್ಲ ತನ್ನ ಎರಡೂ ಕೈಗಳನ್ನು ಹೆಗಲ ವಲ್ಲಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದನೆಂದು ಹಲವರು ನೆನೆದರು. ಅವನ ಬಳಿಕ ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ.

ಸಂಕವ್ವ ಆಗ ಇಪ್ಪತ್ತಾರು ವರ್ಷದ ಸೊಸೆ. ಆಕೆಯ ಅತ್ತೆ ಗದಿಗೆವ್ವ ಬಣ್ಣದ ಓಣಿಗೆಲ್ಲ ಹಿರಿಯಳು, ಬಾಯಿಗೂ ಹಿರಿಯಳು. ಲಡಿಯನ್ನು ಬಾನಿಗೆ ಇಳಿಸಿದರೆ ಅದು ನೆನೆಯಲು ಐದು ನಿಮಿಷ ಬೇಕು. ಆ ಐದು ನಿಮಿಷ ಮಾತ್ರ ಸಂಕವ್ವನ ಸ್ವಂತದ್ದು. ಬಾನಿಯ ಹಿಂದಿನ ಗೋಡೆಗೆ ತಾಗಿಯೇ ದಸ್ತಗೀರರ ಅಂಗಡಿ. ಅವರು ಎರಡು ಅಲಾರಂ ಗಡಿಯಾರಗಳನ್ನು ಒಂದು ಹಲಗೆಗೆ ಬಡಿದು, ಒಂದನ್ನು ಒತ್ತಿದರೆ ಇನ್ನೊಂದು ಓಡುವಂತೆ ನಡುವೆ ಒಂದು ಕಡ್ಡಿ ಇಟ್ಟಿದ್ದರು. ತಲೆಗೆ ಎರಡೂವರೆ ನಿಮಿಷ, ಇಬ್ಬರಿಗೂ ಸೇರಿ ಐದು. ಯಾರ ಮುಳ್ಳು ಮೊದಲು ಕೊನೆಯ ಗೆರೆಯನ್ನು ಮುಟ್ಟಿತೋ ಅವರು ಸೋತಂತೆ. ಅಂಗಡಿಯ ಚದುರಂಗದ ಹಾಸು ಮರದ್ದು, ಅದರ ಮುಂದೆ ಎಷ್ಟು ಯೋಚಿಸಿದರೂ ಸೂರ್ಯನಿಗೆ ಸಂಬಂಧವಿಲ್ಲ. ದಿನಕ್ಕೆ ಮೂವತ್ತು ಲಡಿ, ದಸ್ತಗೀರರೊಡನೆ ಮೂವತ್ತು ಆಟ. ಊರಿನವರು ಆಕೆಗೆ ಐದು ನಿಮಿಷದ ಸಂಕವ್ವ ಎಂದು ಹೆಸರಿಟ್ಟರು.

ಭರಮಣ್ಣಜ್ಜ ಸ್ನಾನಕ್ಕೆ ಹೋಗುವ ದಾರಿಯಲ್ಲಿ ಒಂದು ದಿನ ಅಂಗಡಿಯ ಮುಂದೆ ನಿಂತರು. ಒಳಗೆ ಕಾಯಿಗಳ ಟಪಟಪ ಸದ್ದು.

"ಏನೋ ದಸ್ತಗೀರಾ, ಚದುರಂಗ ಆಡಾಕ ಹತ್ತೀರೋ ಶೇಂಗಾ ಸುಲ್ಯಾಕ ಹತ್ತೀರೋ?"

"ಅಜ್ಜಾರ, ನೀವು ವರ್ಷಕ್ಕ ಅರವತ್ತ ಆಟ ಆಡ್ತೀರಿ. ಈ ಹುಡುಗಿ ಎರಡ ದಿನಕ್ಕ ಅಷ್ಟ ಆಡ್ತಾಳ. ಆಕಿ ನೋಡದ ಮೂಲಿ ಇಲ್ಲ, ಬೀಳದ ಗುಂಡಿ ಇಲ್ಲ."

"ದಿನಾ ಅದ ಗುಂಡ್ಯಾಗ ಬಿದ್ರ ಈಜು ಬರ್ತೈತೇನೋ?" ಎಂದು ಭರಮಣ್ಣಜ್ಜ ನಕ್ಕರು. "ಆಡಾಡಿ ಬೆರಳು ಚುರುಕ ಆಗ್ತಾವ, ಅಷ್ಟ. ತಲಿ ಅಲ್ಲೇ ಕುಂತಿರ್ತೈತಿ."

"ನಿಮ್ಮ ಗುಂಡಿ ಯಾವುದಂತ ನಿಮಗ ಗೊತ್ತಾಗಾಕ ಹತ್ತೊಂಬತ್ತ ವರ್ಷ ಬೇಕ್ರಿ ಅಜ್ಜಾರ. ಈಕಿಗೆ ಒಂದ ಹಗಲು ಸಾಕು."

ಈ ವಾದ ಅಂದಿನಿಂದ ಊರಿನ ಎಲ್ಲ ಜಗಲಿಗಳಿಗೂ ಹಬ್ಬಿತು. ಬಿರುಸಿನ ಆಟದಿಂದ ಆಟಗಾರ ಬೆಳೆಯುತ್ತಾನೆಯೇ, ಕೆಡುತ್ತಾನೆಯೇ? ಕ್ಷೌರಿಕನ ಅಂಗಡಿ ದಸ್ತಗೀರರ ಕಡೆ, ಬಣ್ಣದ ಓಣಿ ಪೂರ್ತಿ ಭರಮಣ್ಣಜ್ಜನ ಕಡೆ ಇತ್ತೆಂದು ನನ್ನ ಟಿಪ್ಪಣಿಯಲ್ಲಿದೆ.

ಸಂಕವ್ವನ ಮಟ್ಟಿಗೆ ಇಬ್ಬರ ಮಾತೂ ನಿಜವಾಯಿತು. ಮೊದಲ ಆರು ತಿಂಗಳಲ್ಲಿ ಆಕೆ ಬೆಳೆದ ಪರಿಗೆ ದಸ್ತಗೀರರೇ ಬೆರಗಾದರು. ಕಾಯಿಗಳು ನಿಂತ ರೀತಿಯನ್ನು ಒಮ್ಮೆ ನೋಡಿದರೆ ಸಾಕು, ಅಪಾಯ ಎಲ್ಲಿದೆ, ಲಾಭ ಎಲ್ಲಿದೆ ಎಂದು ಆಕೆಗೆ ಹೊಳೆಯುತ್ತಿತ್ತು. ಆಮೇಲೆ ಬೆಳವಣಿಗೆ ನಿಂತುಬಿಟ್ಟಿತು. ಮತ್ತೊಂದು ವರ್ಷ ಕಳೆದರೂ ಹತ್ತು ಆಟಗಳಲ್ಲಿ ಐದನ್ನು ಗೆದ್ದು ಐದನ್ನು ಸೋಲುತ್ತಿದ್ದಳು. ಸೋಲುವ ಬಗೆಯೂ ಒಂದೇ: ಬಿಟ್ಟಿ ಕಂಡ ಕಾಯಿಯ ಮೇಲೆ ಕೈ ಹಾರುತ್ತಿತ್ತು, ಅದನ್ನು ಹೊಡೆದ ಮೇಲೆ ತನ್ನ ರಾಜನ ಬಾಗಿಲು ತೆರೆದಿರುವುದು ಕಾಣುತ್ತಿತ್ತು.

"ಚಾಚಾ, ನಾ ಇನ್ನೂ ಜಾಸ್ತಿ ಆಡಬೇಕೇನು?" ಎಂದು ಆಕೆ ಕೇಳಿದಳು.

"ಇನ್ನ ಜಾಸ್ತಿ ಆಡಾಕ ಹಗಲು ಎಲ್ಲೈತಿ ತಂಗಿ? ನನ್ನ ಗಡಿಯಾರದ ಕಡ್ಡೀನ ಸವದ ಹೋಗೈತಿ."

ಉತ್ತರ ಬಂದದ್ದು ಅತ್ತೆಯಿಂದ, ಅದೂ ಬೈಗುಳದ ರೂಪದಲ್ಲಿ. ನೀಲಿಯ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಬಾನಿಯಿಂದ ಎತ್ತಿದ ಲಡಿ ಹಸಿರಾಗಿ ಕಾಣುತ್ತದೆ. ಗಾಳಿಗೆ ಹಿಡಿದು ನಿಂತರೆ ಕಣ್ಣೆದುರೇ ಅದು ನೀಲಿಗೆ ತಿರುಗುತ್ತದೆ. ಹಾಗೆ ತಿರುಗಿದ ಮೇಲೆಯೇ ಮತ್ತೆ ಅದ್ದಬೇಕು. ಅಂದು ಸಂಕವ್ವ ಮುಂದಿನ ಆಟದ ಆತುರದಲ್ಲಿ ಹಸಿರು ಲಡಿಯನ್ನು ಹಾಗೆಯೇ ಮತ್ತೆ ಬಾನಿಗೆ ತಳ್ಳಿದಳು. ಗದಿಗೆವ್ವ ನೋಡಿಬಿಟ್ಟಳು.

"ಏ ಖೋಡಿ! ಗಾಳಿ ಕಾಣಸದ ಅದ್ದತೀಯಲ್ಲ, ನೂರ ಸಲ ಅದ್ದಿದ್ರೂ ಬಣ್ಣ ಹತ್ತತೈತೇನ? ಮೊದಲನೇ ಬಣ್ಣ ಕೂಡಬೇಕು, ಆಮ್ಯಾಲ ಎರಡನೇದು. ಎತ್ತು! ಎತ್ತಿ ಹಿಡಕೊಂಡು ನಿಂದರು. ನೋಡಕೋತ ನಿಂದರು!"

ಸಂಕವ್ವ ಎತ್ತಿ ಹಿಡಿದು ನಿಂತಳು. ಲಡಿ ಹಸಿರಿನಿಂದ ನೀಲಿಗೆ ತಿರುಗುವಷ್ಟು ಹೊತ್ತು ಕೈಗೆ ಬೇರೆ ಕೆಲಸವಿಲ್ಲ. ಈಗಷ್ಟೇ ಆಡಿದ ಆಟ ನೆನಪಾಯಿತು. ಎಲ್ಲಿ ಕೈ ಹಾರಿತು, ಹಾರುವ ಮುನ್ನ ಏನನ್ನು ನೋಡಲಿಲ್ಲ ಎಂದು ಒಂದೊಂದೇ ನಡೆಯನ್ನು ಹಿಂದಕ್ಕೆ ಬಿಚ್ಚುತ್ತ ಹೋದಳು. ಕಾಣಿಸಿತು. "ಒಂದೂವರಿ ವರ್ಷ ನಾ ಬರೇ ಅದ್ದಾಕ ಹತ್ತಿದ್ನಿರಿ" ಎಂದು ಮೂವತ್ತು ವರ್ಷಗಳ ಬಳಿಕವೂ ಆಕೆ ನನಗೆ ನಾಚಿಕೊಂಡೇ ಹೇಳಿದಳು.

ಅಂದಿನಿಂದ ಆಕೆ ಒಂದು ಲಡಿಗೆ ಆಡಿ, ಮುಂದಿನ ಎರಡು ಲಡಿಗಳಿಗೆ ಅಂಗಡಿಯ ಕಡೆ ಹೋಗುವುದನ್ನು ಬಿಟ್ಟಳು. ಬಾನಿಯ ಮುಂದೆ ನಿಂತು ಆ ಒಂದು ಆಟವನ್ನೇ ಬಿಚ್ಚುತ್ತಿದ್ದಳು. ಮೂವತ್ತು ಆಟ ಹತ್ತಕ್ಕೆ ಇಳಿಯಿತು. "ನನ್ನ ಗಡಿಯಾರಕ್ಕ ಧೂಳ ಕುಂದರತೈತಿ ತಂಗಿ" ಎಂದು ದಸ್ತಗೀರರು ಮುನಿಸಿಕೊಂಡರು. ನಾಲ್ಕು ತಿಂಗಳಾಗುವಷ್ಟರಲ್ಲಿ ಹತ್ತರಲ್ಲಿ ಎಂಟು ಆಟ ಅವರೇ ಸೋಲತೊಡಗಿದರು. ಮುನಿಸು ತಾನಾಗಿ ಇಳಿಯಿತು.

ಆಗ ಸಂಕವ್ವ ಕಟ್ಟೆಗೆ ಹೋಗಿ, ನಾಲ್ಕು ಜನರ ಎದುರಿಗೆ, ಮೇಲ್ಗಲ್ಲು ಬೇಕು ಎಂದು ಕೇಳಿದಳು.

ಏಕೆ ಕೇಳಿದಿರಿ ಎಂದು ನಾನು ವಿಚಾರಿಸಿದೆ. ಮೇಲ್ಗಲ್ಲಿನವರಿಗೆ ಊರೇ ಊಟ ಕಳುಹಿಸುತ್ತದೆ, ಅವರ ಮನೆಯ ಬಾನಿಯನ್ನು ಓಣಿಯವರು ಸರದಿಯಂತೆ ನೋಡಿಕೊಳ್ಳುತ್ತಾರೆ. ಅದಕ್ಕಾಗಿಯೇ ಎಂದು ನಾನು ಊಹಿಸಿದ್ದೆ. ಆಕೆ ಅಲ್ಲವೆಂದು ತಲೆಯಾಡಿಸಿದಳು. "ಹುಟ್ಟಿದಾಗಿಂದ ನಾ ಒಂದ ಆಟಾನೂ ಮನಸ್ಸಿಗೆ ಬಂದಷ್ಟ ಹೊತ್ತು ಕುಂತು ಆಡಿರಲಿಲ್ಲರಿ. ಒಂದ ಸಲ ಕುಂತು ನೋಡಬೇಕನಸ್ತು." ಆ ಒಂದು ಸಲಕ್ಕೆ ಆಕೆ ಒಡ್ಡಿದ್ದು ಉಳಿದ ಎಲ್ಲ ಆಟಗಳನ್ನು.

ಗದಿಗೆವ್ವನಿಗೆ ಸುದ್ದಿ ಮುಟ್ಟಿದಾಗ ಆಕೆ ಬಾನಿಯ ಕೋಲನ್ನು ನೆಲಕ್ಕೆ ಕುಟ್ಟಿದಳಂತೆ. "ಈಕಿ ಗೆದ್ರ ಹೊತ್ತು ನಿಲ್ಲೂದಿಲ್ಲ, ಓಣಿ ನೂಲೆಲ್ಲ ಹಸಿ. ಸೋತ್ರ ಬದುಕಿರೂತನಕ ಈಕಿ ಸಪ್ಪ ಮಾರಿ ನಾನ ನೋಡಬೇಕು. ಹೆಂಗ ಬಿದ್ರೂ ನನ್ನ ಮ್ಯಾಲ!"

ನಿಗದಿಯಾದ ದಿನ ಊರೆಲ್ಲ ಕಟ್ಟೆಯ ಸುತ್ತ ನೆರೆಯಿತು. ಬಣ್ಣದವರು ದೊಡ್ಡ ಆಟವೆಂದು ದುಪ್ಪಟ್ಟು ನೂಲು ಅದ್ದಿ ಗಳಗಳ ಮೇಲೆ ಹರವಿದ್ದರು. ಭರಮಣ್ಣಜ್ಜ ಮೇಲ್ಗಲ್ಲಿನಲ್ಲಿ, ಸಂಕವ್ವ ನೀಲಿ ಮೆತ್ತಿದ ಕೈಗಳೊಂದಿಗೆ ಕೆಳಗಲ್ಲಿನಲ್ಲಿ ಕುಳಿತರು. ಮೊದಲ ಹದಿನೈದು ನಡೆಗಳು ಇಬ್ಬರಿಗೂ ಕಂಡುಂಡ ದಾರಿ. ಸಂಕವ್ವ ಇಟ್ಟಕೂಡಲೇ ಅಜ್ಜ, ಅಜ್ಜ ಇಟ್ಟಕೂಡಲೇ ಸಂಕವ್ವ. ನಡುವೆ ಅಜ್ಜ ಎಲೆ ಅಡಿಕೆ ಹಾಕಿಕೊಂಡರು, ಬಾಯಿ ಮುಕ್ಕಳಿಸಿದರು, ಹಳೆಯ ಆಟವೊಂದರ ಕಥೆ ಹೇಳಿದರು. ಯಾರೂ ಯೋಚಿಸದೆ ಇದ್ದುದರಿಂದ ಸೂರ್ಯ ಆರಾಮವಾಗಿ ನಡೆದು ಪಡುವಣಕ್ಕೆ ವಾಲಿದ. ಒಂದೇ ಊಟಕ್ಕೆ ದಿನ ಮುಗಿಯುವ ಲಕ್ಷಣ ಕಂಡಿತು.

"ಸಂಕವ್ವ, ಒಂದೀಟು ಯೋಚನಿ ಮಾಡವ್ವ, ನನ್ನ ಸಂಡಗಿ ಇನ್ನೂ ಹಸಿ ಅದಾವ!" ಎಂದು ಒಬ್ಬಳು ಕೂಗಿದಳು.

"ಆಕಿಗೆ ಯೋಚನಿ ಎಲ್ಲಿಂದ ಬರಬೇಕು? ಐದ ನಿಮಿಷದಾಕಿ!" ಎಂದು ಇನ್ನೊಬ್ಬ.

ಬಣ್ಣದವರು ಆಸೆ ಬಿಟ್ಟರು. ಮುಳುಗುವ ಬಿಸಿಲಿನಲ್ಲಿ ಹೊರಗೆ ಬಿಟ್ಟರೆ ಕಲೆ ಬೀಳುವುದು ಖಚಿತವೆಂದು ಒದ್ದೆ ಲಡಿಗಳನ್ನು ಎಳೆದು ಒಳಗೆ ರಾಶಿ ಹಾಕತೊಡಗಿದರು. ಎಲ್ಲರಿಗಿಂತ ಮುಂದೆ ಗದಿಗೆವ್ವ, ಗೊಣಗುತ್ತ, ಹೆಗಲ ತುಂಬ ನೂಲು ಹೊತ್ತುಕೊಂಡು.

ಅಷ್ಟರಲ್ಲಿ ಭರಮಣ್ಣಜ್ಜ ತಮ್ಮ ಆನೆಯನ್ನು ಒಂದು ಮನೆ ಸರಿಸಿದರು. ಸಂಕವ್ವನ ಕುದುರೆಯ ದಾರಿಗೆ ಅದು ನೇರವಾಗಿ ಸಿಕ್ಕಿತ್ತು, ಕಾವಲಿಗೆ ಒಂದು ಕಾಯಿಯೂ ಇರಲಿಲ್ಲ. ಅಂಗಡಿಯ ಹಾಸಿನ ಮೇಲೆ ಇಂಥ ಆನೆಯನ್ನು ಆಕೆ ನೂರಾರು ಸಲ ಹೊಡೆದಿದ್ದಳು. ಕೈ ಹಾರಿತು. ಜನರ ನಡುವೆ ನಿಂತಿದ್ದ ದಸ್ತಗೀರರು ಕಣ್ಣು ಮುಚ್ಚಿಕೊಂಡರು. ಮುಟ್ಟಿದ ಕಾಯಿಯನ್ನು ಆಡಲೇಬೇಕು.

ಬೆರಳು ಕುದುರೆಯ ಕಿವಿಯಿಂದ ಒಂದು ಜೋಳದ ಕಾಳಿನಷ್ಟು ದೂರದಲ್ಲಿ ನಿಂತಿತು. ಸಂಕವ್ವ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆಯೇ ಕುಳಿತುಬಿಟ್ಟಳು.

ಮೊದಲು ಗಮನಿಸಿದವಳು ಗದಿಗೆವ್ವ. ಎರಡನೆಯ ಹೊರೆಗೆಂದು ಬಂದವಳು ಗೂಟದ ಹತ್ತಿರ ಥಟ್ಟನೆ ನಿಂತಳು. ಬಗ್ಗಿದಳು. ನೆರಳಿನ ತುದಿಗೆ ಒಂದು ಕಡ್ಡಿ ಚುಚ್ಚಿ ಕಾದಳು. ನೆರಳು ಕಡ್ಡಿಯನ್ನು ದಾಟಲಿಲ್ಲ.

"ನಿಂತೈತಿ!" ಎಂದು ಆಕೆ ಚೀರಿದ್ದು ಊರ ಹೊರಗಿನ ಕಲ್ಲುಕ್ವಾರಿಗೂ ಕೇಳಿಸಿತಂತೆ. "ಏ, ನೆರಳು ನಿಂತೈತಿ! ನನ್ನ ಸೊಸಿ ನಿಲ್ಲಸ್ಯಾಳ! ಏನ ನೋಡ್ತೀರಿ ಮಾರಿ, ನೂಲ ಹೊರಗ ತರ್ರಿ!"

ಒಳಗೆ ಹೋದ ನೂಲೆಲ್ಲ ಮತ್ತೆ ಹೊರಗೆ ಬಂದಿತು. ಅವಸರದಲ್ಲಿ ಒಬ್ಬರ ಲಡಿ ಇನ್ನೊಬ್ಬರ ಗಳಕ್ಕೆ ಹೋಗಿ ಅದರ ಜಗಳ ಮೂರು ವರ್ಷ ನಡೆಯಿತು. ಸಂಕವ್ವ ಎಷ್ಟು ಹೊತ್ತು ಯೋಚಿಸಿದಳೆಂಬುದರಲ್ಲಿ ಹೇಳಿಕೆಗಳು ಒಂದಾಗುವುದಿಲ್ಲ. ಮೂರು ಊಟ ಎಂದು ದಸ್ತಗೀರರು ಹೇಳಿದರು. ಎರಡು ಊಟ ಮತ್ತು ಒಂದು ನಿದ್ದೆ ಎಂದು ಕ್ಷೌರಿಕರು ಹೇಳಿದರು. ದುಪ್ಪಟ್ಟು ನೂಲು ಪೂರ್ತಿ ಒಣಗಿ, ಸಂಡಿಗೆ ಕರಿದು ಎಲ್ಲರಿಗೂ ಹಂಚಿಯೂ ಆಗಿತ್ತೆಂಬುದರಲ್ಲಿ ಮಾತ್ರ ಒಮ್ಮತವಿದೆ. ಸಂಕವ್ವನನ್ನು ಕೇಳಿದರೆ, "ನನಗ ಐದ ನಿಮಿಷ ಅನಸ್ತರಿ" ಎನ್ನುತ್ತಾಳೆ.

ಆ ಹೊತ್ತಿನಲ್ಲಿ ಆಕೆ ಕಂಡದ್ದು ಇಷ್ಟು. ಕುದುರೆ ಎದ್ದು ಆನೆಯನ್ನು ಹೊಡೆದರೆ ಅದರ ಹಿಂದಿನ ಸಾಲು ಬರಿದಾಗಿ ಅಜ್ಜನ ಮಂತ್ರಿ ಒಂದೇ ಓಟಕ್ಕೆ ಆಕೆಯ ರಾಜನ ಮನೆಗೆ ಇಳಿಯುತ್ತಿತ್ತು. ಆನೆ ಬಿಟ್ಟಿ ಬಿದ್ದದ್ದಲ್ಲ, ಇಟ್ಟದ್ದು. ಐದು ನಿಮಿಷದವಳಿಗೆಂದೇ ಇಟ್ಟದ್ದು. ಇಷ್ಟು ಕಂಡ ಮೇಲೂ ಆಕೆ ಕೈ ಹೊರಗೆ ತೆಗೆಯಲಿಲ್ಲ. ಅಜ್ಜ ಆನೆಯನ್ನು ಅಲ್ಲಿಗೆ ತಂದದ್ದರಿಂದ ಅವರ ರಾಜನ ಬಳಿ ಏನು ಕಡಿಮೆಯಾಯಿತು ಎಂದು ಬಿಚ್ಚುತ್ತ ಹೋದಳು. ಕೊನೆಗೆ ಒಂದು ಕೈಯನ್ನು ತೊಡೆಯ ಕೆಳಗಿನಿಂದ ತೆಗೆದು, ಯಾರೂ ಲೆಕ್ಕಕ್ಕೆ ಹಿಡಿಯದ ಅಂಚಿನ ಕಾಲಾಳನ್ನು ಒಂದು ಮನೆ ಮುಂದಿಟ್ಟಳು. ಅಜ್ಜನ ರಾಜ ತಪ್ಪಿಸಿಕೊಳ್ಳಲು ಇದ್ದ ಒಂದೇ ಮನೆ ಅದರಿಂದ ಮುಚ್ಚಿತು. ಇನ್ನು ಕುದುರೆ ಆನೆಯನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ಮತ್ತೊಂದು ಮಗ್ಗುಲಿಗೆ ಹಾರಿದರೆ ಆಟ ಮುಗಿಯುತ್ತಿತ್ತು.

ಸರದಿ ಭರಮಣ್ಣಜ್ಜನದು. ಅವರು ಎಂದಿನಂತೆ ಗಲ್ಲಕ್ಕೆ ಕೈಕೊಟ್ಟು ಬಗ್ಗಿದರು. ಜನ ಮತ್ತೊಂದು ಊಟದ ಮಾತಾಡಿದರು. ಕಿಟಕಿಗೆ ಕಟ್ಟಲು ಕಂಬಳಿ ತರುವೆನೆಂದು ಒಬ್ಬ ಎದ್ದ. ಆದರೆ ಗೂಟದ ಬಳಿಯೇ ಕುಳಿತಿದ್ದ ಗದಿಗೆವ್ವ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ನೆರಳು ಕಡ್ಡಿಯನ್ನು ದಾಟಿತ್ತು. ಇನ್ನೂ ದಾಟುತ್ತಿತ್ತು.

"ಅಜ್ಜಾ," ಎಂದು ಆಕೆ ಮೆಲ್ಲಗೆ ಕರೆದಳು. ಆಕೆ ಮುಂದೆ ಆಡಿದ ಮಾತನ್ನು, ಅವರು ಮೇಲ್ಗಲ್ಲಿಗೆ ಏರಿದಂದಿನಿಂದ ಯಾರೂ ಅವರಿಗೆ ಹೇಳಿರಲಿಲ್ಲ. "ನೆರಳು ಹೊಂಟೈತ್ರಿ."

ಮುದುಕನಿಗೆ ನಿದ್ದೆ ಹತ್ತಿತೆಂದು ಕೆಲವರು ಭಾವಿಸಿದರು. ಕಂಬಳಿಯವನು ಕಂಬಳಿ ಹಿಡಿದುಕೊಂಡೇ ನಿಂತ. ಸಂಕವ್ವ ಗಾಬರಿಯಾಗಿ ಮುಂದಕ್ಕೆ ಬಾಗಿ ನೋಡಿದಳು. ಅಜ್ಜನ ಕಣ್ಣುಗಳು ತೆರೆದೇ ಇದ್ದವು. ಅವು ಆನೆಯಿಂದ ಕುದುರೆಗೆ, ಕುದುರೆಯಿಂದ ಆ ಪುಟ್ಟ ಕಾಲಾಳಿಗೆ, ಅಲ್ಲಿಂದ ತಮ್ಮ ರಾಜನಿಗೆ ಹೋಗಿ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿದ್ದವು. ತುಟಿಯ ಮೂಲೆಯಲ್ಲಿ ನಗೆಯಿತ್ತು.

"ಅಜ್ಜಾ, ಯೋಚನಿ ಮಾಡ್ರಿ," ಎಂದು ಸಂಕವ್ವ ಪಿಸುಗುಟ್ಟಿದಳು. "ಹೊತ್ತು ಹೊಂಟೈತಿ."

"ಯೋಚನಿ ಮಾಡಾಕ ಏನ ಉಳಸೀದಿ ಮಗಳ?" ಎಂದರು ಭರಮಣ್ಣಜ್ಜ, ಹಾಸಿನಿಂದ ಕಣ್ಣು ತೆಗೆಯದೆ. "ಎಲ್ಲಾ ಬಾಗಲಾ ಮುಚ್ಚೀದಿ. ಸುಮ್ನ ನೋಡಾಕ ಹತ್ತೇನಿ. ಭಾಳ ಚೆಂದ ಆಗೇತಿ. ನನ್ನ ಕಡೆಯಿಂದ ಇನ್ನೂ ಚೆಂದ ಕಾಣ್ತೈತಿ, ಬಾ, ಇಲ್ಲಿ ಬಂದು ನೋಡು. ಮುಳಗಲಿ ಬಿಡು ಹೊತ್ತು."

ಹೀಗೆಂದು ಅವರು ಮೇಲ್ಗಲ್ಲಿನ ಮೇಲೆ ಒಂದು ಬದಿಗೆ ಸರಿದು ಆಕೆಗೆ ಜಾಗ ಮಾಡಿಕೊಟ್ಟರು.